ಮೈ ನಂಬಿದ್ದನ್ನು ಕಾನೂನು ನಂಬಬೇಕೆ?

(ಹಾಸನದಲ್ಲಿ ವಕೀಲರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನನ್ನ ಅಮ್ಮನಿಗೆ ಈಗ ಎಪ್ಪತ್ತೆಂಟು ವರ್ಷ. ಮಂಡಿ ನೋವಿನಿಂದಾಗಿ ಶ್ರವಣಬೆಳಗೊಳದ ಬೆಟ್ಟ ಹತ್ತುವುದನ್ನು ಬಿಟ್ಟು ಹನ್ನೊಂದು ವರ್ಷವಾಯಿತು. ಕಳೆದ ದೀಪಾವಳಿಗೆ ಬಂದ ನನ್ನ ಅಕ್ಕನ ಮಗ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವನ್ನೇ ಕಾಣಿಸುವ ಒಂದು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತಂದಿದ್ದ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುತ್ತಾ ಸುತ್ತಲೂ ಚಿತ್ರೀಕರಿಸಿದ ದೃಶ್ಯ ಅದರಲ್ಲಿತ್ತು. ಅಜ್ಜಿಯನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಅದನ್ನು ಕಟ್ಟಿದ. ನಾನು ಪಕ್ಕದಲ್ಲಿ ನಿಂತು ಕೈ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಅಮ್ಮನ ಬಲಗಾಲು ನೆಲದಿಂದ ಒಂದು ಗೇಣು ಮೇಲೆದ್ದಿತು. ಅದು ಇಳಿದ ಮೇಲೆ ಎಡಗಾಲು ಎದ್ದಿತು. ನನ್ನ ಕೈಯಲ್ಲಿದ್ದ ಅವರ ಅಂಗೈ ಬೆವರಿನಿಂದ ತೊಯ್ದಿತ್ತು. ಹೆಡ್‌ಸೆಟ್ ಬಿಚ್ಚಿದಾಗ ಅವರು ಕೇಳಿದ ಮೊದಲ ಮಾತು: ‘ನನ್ನ ಚಪ್ಪಲಿ ಎಲ್ಲಿ ಬಿಟ್ಟೆ?’

ಅಮ್ಮನ ಬುದ್ಧಿಯಲ್ಲಿ ಯಾವ ಏರುಪೇರೂ ಇಲ್ಲ. ತಾನು ನಡುಮನೆಯಲ್ಲಿ ಕುಳಿತಿದ್ದೇನೆ ಎಂಬುದು ಅವರಿಗೆ ಆ ಗಳಿಗೆಯಲ್ಲೂ ಗೊತ್ತಿತ್ತು. ಆದರೆ ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತುವ ಅಭ್ಯಾಸ ಕಾಲಿಗಿತ್ತು, ಕಾಲು ಹತ್ತಿ ಬಂದಿತ್ತು. ಈ ಸಂಜೆ ನಾನು ಹೇಳಬೇಕೆಂದಿರುವುದೆಲ್ಲ ಆ ಚಪ್ಪಲಿಯ ಮಾತಿನಿಂದಲೇ ಹುಟ್ಟಿದ್ದು. ಮನಸ್ಸು ‘ಇದು ಸುಳ್ಳು’ ಎನ್ನುತ್ತಿರುವಾಗಲೇ ಮೈ ‘ಇದು ನಡೆಯಿತು’ ಎಂದು ದಾಖಲು ಮಾಡಿಕೊಂಡರೆ, ಆ ದಾಖಲೆಗೆ ನ್ಯಾಯಾಲಯ ಬೆಲೆ ಕೊಡಬೇಕೋ ಬೇಡವೋ?

ವರ್ಚುವಲ್ ರಿಯಾಲಿಟಿಗೆ ಕನ್ನಡದಲ್ಲಿ ಕೆಲವರು ಮಿಥ್ಯಾವಾಸ್ತವ ಎಂದು ಬರೆಯುತ್ತಾರೆ. ನನಗೆ ಈ ಪದ ಇಷ್ಟ. ನಮ್ಮ ಪಕ್ಕದ ಜಿಲ್ಲೆಯ ಶೃಂಗೇರಿಯಲ್ಲಿ ವೇದಾಂತ ಓದಿದವರನ್ನು ಕೇಳಿದರೆ ಮಿಥ್ಯೆ ಎಂದರೆ ಬರೀ ಸುಳ್ಳಲ್ಲ ಎನ್ನುತ್ತಾರೆ. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡವನಿಗೆ ಹಾವು ಇಲ್ಲದಿದ್ದರೂ ಎದೆಬಡಿತ ಇದ್ದೇ ಇರುತ್ತದೆ. ಹಿಂದಕ್ಕೆ ಹಾರಿ ಬಿದ್ದರೆ ಮುರಿಯುವುದು ನಿಜವಾದ ಸೊಂಟವೇ. ನಮ್ಮ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಅಲ್ಲಿ ಹಗ್ಗವನ್ನು ಯಾರೂ ಬೇಕೆಂದು ಇಟ್ಟಿರಲಿಲ್ಲ. ಇಲ್ಲಿ ಹಾವಿನಂತೆ ಕಾಣಲೆಂದೇ ಹಗ್ಗವನ್ನು ಹೊಸೆದವರು ಇದ್ದಾರೆ, ಅದನ್ನು ದಾರಿಯಲ್ಲಿ ಚೆಲ್ಲಿದವರೂ ಇದ್ದಾರೆ.

ಮೈ ಎಷ್ಟು ಸುಲಭವಾಗಿ ನಂಬುತ್ತದೆ ಎಂಬುದಕ್ಕೆ ಎರಡು ಪ್ರಯೋಗಗಳನ್ನು ಹೇಳುತ್ತೇನೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಎಂಬ ವಿಜ್ಞಾನಿಗಳು ಒಬ್ಬರ ಕೈಯನ್ನು ಮರೆಯಲ್ಲಿಟ್ಟು, ಕಣ್ಣೆದುರು ಒಂದು ರಬ್ಬರ್ ಕೈ ಇಟ್ಟರು. ಎರಡನ್ನೂ ಒಟ್ಟೊಟ್ಟಿಗೆ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿನಲ್ಲಿ ಆ ರಬ್ಬರ್ ಕೈಯೇ ತಮ್ಮದು ಎಂದು ಜನರಿಗೆ ಅನಿಸತೊಡಗಿತು. ಎರಡನೆಯದು 2006ರದ್ದು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಲ್ ಸ್ಲೇಟರ್ ತಂಡ ನಡೆಸಿದ್ದು. ವಿದ್ಯುತ್ ಆಘಾತ ಕೊಡು ಎಂದು ಹೇಳಿಸಿ ಜನರ ವಿಧೇಯತೆಯನ್ನು ಅಳೆದ ಸ್ಟಾನ್ಲಿ ಮಿಲ್‌ಗ್ರಾಮ್ ಪ್ರಯೋಗದ ಬಗ್ಗೆ ಮನಶ್ಶಾಸ್ತ್ರ ಓದುವವರು ಕೇಳಿರುತ್ತೀರಿ. 1960ರ ದಶಕದ ಆ ಪ್ರಯೋಗವನ್ನು ಮನುಷ್ಯರ ಮೇಲೆ ಮತ್ತೆ ಮಾಡುವುದು ನೀತಿಗೆ ಒಪ್ಪುವಂಥದ್ದಲ್ಲ. ಹಾಗಾಗಿ ಸ್ಲೇಟರ್ ತಂಡ ಕಂಪ್ಯೂಟರಿನಲ್ಲಿ ಒಬ್ಬ ಹೆಂಗಸನ್ನು ಸೃಷ್ಟಿಸಿತು. ಅವಳು ತಪ್ಪು ಉತ್ತರ ಕೊಟ್ಟಾಗಲೆಲ್ಲ ಆಘಾತದ ಗುಂಡಿ ಒತ್ತಬೇಕು. ಭಾಗವಹಿಸಿದ 34 ಜನರಿಗೂ ಅವಳು ನಿಜವಲ್ಲ, ಆಘಾತವೂ ನಿಜವಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ ಅವಳನ್ನು ಕಂಡು, ಅವಳ ದನಿ ಕೇಳಿದ 23 ಮಂದಿಯ ಮೈ ನಿಜವಾದ ಸಂಕಟದಲ್ಲಿ ಸಿಕ್ಕವರ ಮೈಯಂತೆಯೇ ವರ್ತಿಸಿತು. ಕೆಲವರು ನಡುವೆಯೇ ನಿಲ್ಲಿಸಿಬಿಟ್ಟರು. ಉಳಿದ 11 ಮಂದಿಗೆ ಅವಳ ಉತ್ತರ ಬರೀ ಅಕ್ಷರದಲ್ಲಿ ಬರುತ್ತಿತ್ತು. ಅವರಿಗೆ ಅಷ್ಟು ತೊಂದರೆಯಾಗಲಿಲ್ಲ.

ಅಕ್ಷರದಲ್ಲಿ ಓದುವುದಕ್ಕೂ ಎದುರಿಗೆ ಕಾಣುವುದಕ್ಕೂ ಇರುವ ಈ ಅಂತರವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಬಂದ ಕೆಟ್ಟ ಸಂದೇಶಕ್ಕೂ ಹೆಡ್‌ಸೆಟ್ ಹಾಕಿಕೊಂಡವರಿಗೆ ಆದ ಕಿರುಕುಳಕ್ಕೂ ಒಂದೇ ತಕ್ಕಡಿ ಸಾಲದು.

2016ರಲ್ಲಿ ಅಮೆರಿಕದ ಮಹಿಳೆಯೊಬ್ಬರು ವಿಆರ್‌ನಲ್ಲಿ ಬಿಲ್ಲುಬಾಣದ ಆಟ ಆಡುತ್ತಿದ್ದರು. ಆ ಆಟದಲ್ಲಿ ಆಟಗಾರರಿಗೆ ದೇಹವಿಲ್ಲ. ಒಂದು ಶಿರಸ್ತ್ರಾಣ, ಎರಡು ಕೈ, ಒಂದು ಬಿಲ್ಲು, ಇಷ್ಟೇ ತೇಲುತ್ತಿರುತ್ತವೆ. ದನಿಯಿಂದ ಹೆಣ್ಣೆಂದು ಗುರುತಿಸಿದ ಇನ್ನೊಬ್ಬ ಆಟಗಾರ ಬೆನ್ನಟ್ಟಿ ಬಂದು, ಅವರ ಎದೆ ಇರಬೇಕಾದ ಜಾಗಕ್ಕೆ ಕೈ ಹಾಕಿದ. ಬೇಡ ಎಂದರೂ ಬಿಡಲಿಲ್ಲ. ಅಲ್ಲಿ ಎದೆಯ ಚಿತ್ರವೂ ಇರಲಿಲ್ಲ. ಆದರೂ ಆ ಗಾಬರಿ ನಿಜವಾದದ್ದೇ ಎಂದು ಅವರು ಬರೆದರು. 2022ರ ಫೆಬ್ರುವರಿಯಲ್ಲಿ ಮೆಟಾ ಕಂಪನಿ ತನ್ನ ವಿಆರ್ ಲೋಕದಲ್ಲಿ ಇಬ್ಬರ ನಡುವೆ ಸುಮಾರು ನಾಲ್ಕು ಅಡಿಯ ಕಾಣದ ಬೇಲಿ ಹಾಕಿತು. 2024ರ ಜನವರಿಯಲ್ಲಿ, 16 ತುಂಬದ ಹುಡುಗಿಯೊಬ್ಬಳ ಅವತಾರದ (ವಿಆರ್ ಲೋಕದಲ್ಲಿ ಅವಳನ್ನು ಪ್ರತಿನಿಧಿಸುವ ಆಕೃತಿಯ) ಮೇಲೆ ಹಲವರು ಸೇರಿ ನಡೆಸಿದ ದೌರ್ಜನ್ಯವನ್ನು ಬ್ರಿಟನ್ನಿನ ಪೊಲೀಸರು ತನಿಖೆ ಮಾಡುತ್ತಿದ್ದಾರೆಂದು ವರದಿಯಾಯಿತು. ‘ಹೆಡ್‌ಸೆಟ್ ಬಿಚ್ಚಿಟ್ಟಿದ್ದರೆ ಆಗುತ್ತಿತ್ತಲ್ಲ’ ಎಂದು ಆಗ ಬಹಳ ಜನ ಹೇಳಿದರು. ಬಸ್ಸಿನಲ್ಲಿ ಕಿರುಕುಳ ಅನುಭವಿಸಿದ ಹುಡುಗಿಗೆ ‘ಇಳಿದುಬಿಡಬೇಕಿತ್ತು’ ಎಂದವರ ಮಾತಿಗೂ ಇದಕ್ಕೂ ನನಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಈಗ ನಮ್ಮ ಕಾನೂನಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ವಿದ್ಯಾರ್ಥಿಗಳು ಸಹಿಸಿಕೊಳ್ಳಬೇಕು. ಹಳೆಯ ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮಹಿಳೆಯ ಮಾನಭಂಗದ ಉದ್ದೇಶದಿಂದ ಹಲ್ಲೆ ಅಥವಾ ಅಪರಾಧಿಕ ಬಲಪ್ರಯೋಗ ಮಾಡುವುದು ಕಲಂ 74ರ ಅಪರಾಧ. ಶಿಕ್ಷೆ ಒಂದರಿಂದ ಐದು ವರ್ಷ. ಹಾಗಾದರೆ ಬಲ ಎಂದರೇನು? ಕಲಂ 128 ಓದಿ. 1860ರ ದಂಡ ಸಂಹಿತೆಯಲ್ಲಿ 349ನೆಯ ಕಲಮಾಗಿದ್ದ ಮಾತುಗಳೇ ಬಹುಮಟ್ಟಿಗೆ ಅಲ್ಲಿವೆ. ಯಾವುದಾದರೂ ವಸ್ತುವಿಗೆ ಚಲನೆ ಕೊಟ್ಟು ಅದು ಇನ್ನೊಬ್ಬರ ಮೈಗೆ ತಾಗುವಂತೆ ಮಾಡಿದರೆ ಅದು ಬಲ. ಅವರು ತೊಟ್ಟ ಅಥವಾ ಹಿಡಿದ ವಸ್ತುವಿಗೆ ತಾಗಿದರೂ ಬಲವೇ. ಅವರ ಸ್ಪರ್ಶಜ್ಞಾನಕ್ಕೆ ತಟ್ಟುವಂತೆ ಇರುವ ಇನ್ನಾವುದೋ ವಸ್ತುವಿಗೆ ತಾಗಿದರೂ ಬಲವೇ.

ಈಗ ಮಾರುಕಟ್ಟೆಯಲ್ಲಿ ಒಂದು ಬಗೆಯ ಅಂಗಿ ಸಿಗುತ್ತದೆ. ಒಳಗೆ ಸಾಲಾಗಿ ಪುಟ್ಟ ಮೋಟಾರುಗಳು. ವಿಆರ್ ಲೋಕದಲ್ಲಿ ನಿಮ್ಮ ಎದೆಗೆ ಯಾರಾದರೂ ಗುದ್ದಿದರೆ ಅಂಗಿಯ ಆ ಜಾಗದ ಮೋಟಾರು ನಡುಗಿ ಮೈಗೆ ತಟ್ಟುತ್ತದೆ. ಎಲ್ಲೋ ದೂರದ ಊರಿನಲ್ಲಿ ಕುಳಿತವನು ಗಾಳಿಯಲ್ಲಿ ಕೈ ಆಡಿಸುತ್ತಾನೆ. ಹಾಸನದ ಒಂದು ಕೋಣೆಯಲ್ಲಿ ಹುಡುಗಿ ತೊಟ್ಟ ಅಂಗಿ ಅವಳ ಎದೆಯ ಮೇಲೆ ನಡುಗುತ್ತದೆ. ಇದು ಬಲವಲ್ಲದೆ ಮತ್ತೇನು? ಅವನ ವಕೀಲರು ಹೇಳಬಹುದು: ನಡುಗಿಸಿದ್ದು ಯಂತ್ರ, ನನ್ನ ಕಕ್ಷಿದಾರ ಮುಟ್ಟಲಿಲ್ಲ. ಅದಕ್ಕೆ ಉತ್ತರ ಮುಂದಿನ ಕಲಮಿನ ದೃಷ್ಟಾಂತಗಳಲ್ಲೇ ಇದೆ. ನೀರಿಗೆ ಕಲ್ಲು ಎಸೆದು ಆ ನೀರು ಒಬ್ಬರ ಬಟ್ಟೆಗೆ ಸಿಡಿಯುವಂತೆ ಮಾಡಿದರೂ ಸಾಕು ಎನ್ನುತ್ತದೆ ಒಂದು ದೃಷ್ಟಾಂತ. ನಾಯಿಯನ್ನು ಛೂ ಬಿಟ್ಟು ಮೇಲೆರಗುವಂತೆ ಮಾಡಿದರೂ ಅದು ಅಪರಾಧಿಕ ಬಲವೇ ಎನ್ನುತ್ತದೆ ಇನ್ನೊಂದು. ಬಾಯಿಲ್ಲದ ಪ್ರಾಣಿಯ ಮೂಲಕ ಮಾಡಿಸಿದ್ದಕ್ಕೆ ಮನುಷ್ಯ ಹೊಣೆ ಎಂದು ಆ ಕಾಲದಲ್ಲೇ ಒಪ್ಪಿಕೊಂಡ ಕಾನೂನು, ಹೇಳಿದ್ದನ್ನು ಅಕ್ಷರಶಃ ಮಾಡುವ ಮೋಟಾರಿನ ಮೂಲಕ ಮಾಡಿಸಿದ್ದಕ್ಕೆ ಒಪ್ಪದೆ ಇರಲು ಕಾರಣವಿಲ್ಲ. 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಪ್ರಕರಣವೊಂದರಲ್ಲಿ ಚರ್ಮಕ್ಕೆ ಚರ್ಮ ತಾಗಲೇಬೇಕು ಎಂಬ ವಾದವನ್ನು ತಳ್ಳಿಹಾಕಿ, ಲೈಂಗಿಕ ಉದ್ದೇಶವೇ ಮುಖ್ಯ ಎಂದಿತು. ಅಂಗಿಯ ವಿಷಯದಲ್ಲಿ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಿ ಇಲ್ಲ, ಹೆಡ್‌ಸೆಟ್ ಮಾತ್ರ ಇದೆ ಎಂದುಕೊಳ್ಳಿ. ಆಗ ತೊಡಕು ಶುರುವಾಗುತ್ತದೆ. ಕಲಂ 130ರ ಹಲ್ಲೆಗೆ ಮುಟ್ಟಲೇಬೇಕೆಂದಿಲ್ಲ, ಮುಟ್ಟಿಯಾನು ಎಂಬ ಆತಂಕ ಹುಟ್ಟಿಸುವ ಸನ್ನೆ ಸಾಕು. ಆದರೆ ಆ ಆತಂಕ ‘ಹಾಜರಿರುವ’ ವ್ಯಕ್ತಿಯಲ್ಲಿ ಹುಟ್ಟಬೇಕು. ಅವನು ಪುಣೆಯಲ್ಲಿ, ಅವಳು ಹಾಸನದಲ್ಲಿ. ಯಾರು ಎಲ್ಲಿ ಹಾಜರು? ಸ್ವಾರಸ್ಯವೆಂದರೆ, ವಿಆರ್ ಶಾಸ್ತ್ರದವರು ತಮ್ಮ ಸಾಧನ ಎಷ್ಟು ಚೆನ್ನಾಗಿದೆ ಎಂದು ಅಳೆಯುವ ಪದವೂ ಅದೇ, ಪ್ರೆಸೆನ್ಸ್, ಹಾಜರಿ. ‘ನಮ್ಮ ಹೆಡ್‌ಸೆಟ್ ಹಾಕಿದರೆ ನೀವು ಅಲ್ಲೇ ಇರುತ್ತೀರಿ’ ಎಂದು ಹೇಳಿ ಮಾರುತ್ತಾರೆ. ಮಾರುವಾಗ ಹಾಜರಿದ್ದವಳು ದೂರು ಕೊಡುವಾಗ ಗೈರುಹಾಜರಾಗುವುದು ನ್ಯಾಯವೇ?

ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ದಂಡದ ಕಾನೂನಿನಲ್ಲಿ ಪದ ಅಸ್ಪಷ್ಟವಾಗಿದ್ದರೆ ಅದರ ಲಾಭ ಆರೋಪಿಗೆ ಹೋಗಬೇಕು. ಇಪ್ಪತ್ತೆರಡು ವರ್ಷ ಆರೋಪಿಗಳ ಪರ ನಿಂತವನು ನಾನು. ಪದವನ್ನು ಎಳೆದು ಎಳೆದು ಮನುಷ್ಯನನ್ನು ಜೈಲಿಗೆ ಹಾಕುವುದನ್ನು ಒಪ್ಪಲಾರೆ. ಹಾಗಾಗಿ ಬರೀ ಹೆಡ್‌ಸೆಟ್ಟಿನ ಪ್ರಕರಣದಲ್ಲಿ ಸದ್ಯಕ್ಕೆ ಗಟ್ಟಿಯಾಗಿ ನಿಲ್ಲುವುದು ಕಲಂ 79. ಮಹಿಳೆಯ ಗೌರವಕ್ಕೆ ಕುಂದು ತರುವ ಉದ್ದೇಶದ ಮಾತು, ಸದ್ದು, ಸನ್ನೆ ಅದರಲ್ಲಿ ಬರುತ್ತವೆ. ವಿಆರ್‌ನಲ್ಲಿ ಸನ್ನೆ ಎಂಬುದು ಅಕ್ಷರಶಃ ಸನ್ನೆಯೇ, ಅವನ ಕೈ ನಿಜವಾಗಿಯೂ ಆಡಿರುತ್ತದೆ. ಆದರೆ ಅಲ್ಲಿ ಶಿಕ್ಷೆ ಹೆಚ್ಚೆಂದರೆ ಮೂರು ವರ್ಷದ ಸಾದಾ ಸಜೆ. ಜೊತೆಗೆ 74, 79 ಎರಡೂ ಮಹಿಳೆಯರಿಗೆ ಮಾತ್ರ. ಹದಿನೆಂಟು ದಾಟಿದ ಹುಡುಗನಿಗೆ ಇದೇ ಆದರೆ ಅವನಿಗೆ ಅಲ್ಲಿ ಜಾಗವಿಲ್ಲ. ಸಂಸತ್ತು ಈ ಕಂದಕವನ್ನು ತುಂಬಬೇಕು.

ಹಾಗೆಂದು ವಿಆರ್‌ನ ಒಳಗೆ ನಡೆಯುವ ಹೊಡೆದಾಟವೆಲ್ಲ ಅಪರಾಧವಲ್ಲ. ಕಬಡ್ಡಿಯಲ್ಲಿ ಕಾಲು ಹಿಡಿದು ಎಳೆದವನ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಅಂಗಳಕ್ಕೆ ಇಳಿದವನು ಎಳೆತಕ್ಕೆ ಒಪ್ಪಿಯೇ ಇಳಿದಿರುತ್ತಾನೆ. ಬಿಲ್ಲುಬಾಣದ ಆಟಕ್ಕೆ ಬಂದ ಹೆಂಗಸು ಬಾಣಕ್ಕೆ ಒಪ್ಪಿದ್ದಳು, ಕೈಗೆ ಒಪ್ಪಿರಲಿಲ್ಲ.

ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ. 2019ರ ತಿದ್ದುಪಡಿಯ ನಂತರ ಪೋಕ್ಸೋ ಕಾಯ್ದೆಯಲ್ಲಿ, ನಿಜವಾದ ಮಗುವಿನಿಂದ ಬೇರ್ಪಡಿಸಲಾಗದಂತೆ ಕಾಣುವ ಕಂಪ್ಯೂಟರ್ ಚಿತ್ರವೂ ಮಕ್ಕಳ ಅಶ್ಲೀಲ ಚಿತ್ರವೇ. ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ಇಂಥದ್ದೇ ನಿಷೇಧವನ್ನು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ರದ್ದು ಮಾಡಿತ್ತು. ನಮ್ಮ ದಾರಿ ಸರಿಯಾದದ್ದು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ವಕೀಲ ಮಿತ್ರರಿಗೆ ಹತ್ತಿರದ ಇನ್ನೊಂದು ವಿಷಯ ಸಾಕ್ಷ್ಯ. ಜರ್ಮನಿಯ ಬವೇರಿಯಾ ರಾಜ್ಯದ ಪೊಲೀಸರು, ನಾಜಿಗಳು ಸಾಮೂಹಿಕ ಹತ್ಯೆ ನಡೆಸಿದ ಆಶ್ವಿಟ್ಜ್ ಶಿಬಿರವನ್ನು ವಿಆರ್‌ನಲ್ಲಿ ಮರುನಿರ್ಮಿಸಿದ್ದಾರೆ. ಕಾವಲುಗಾರ ನಿಂತಿದ್ದ ಜಾಗದಿಂದ ಏನು ಕಾಣುತ್ತಿತ್ತು ಎಂದು ನೋಡುವುದು ಅದರ ಉದ್ದೇಶ. ‘ನನಗೇನೂ ಕಾಣುತ್ತಿರಲಿಲ್ಲ’ ಎನ್ನುವವನಿಗೆ ಅದು ಉತ್ತರ. ಅದರ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನದೇ ಒಂದು ಪ್ರಕರಣ ನೆನಪಾಗುತ್ತದೆ. ಸಕಲೇಶಪುರದ ಕಡೆಯ ತೋಟವೊಂದರಲ್ಲಿ ನಡೆದ ಜಗಳ. ಕಾಫಿ ಕಣದಲ್ಲಿ ನಿಂತಿದ್ದ ಸಾಕ್ಷಿ ಗೇಟಿನ ಬಳಿ ನಡೆದದ್ದನ್ನು ಕಂಡೆ ಎಂದ. ನ್ಯಾಯಾಧೀಶರು ಸ್ಥಳ ಪರಿಶೀಲನೆಗೆ ಬಂದರು, ಕಣದಲ್ಲಿ ನಿಂತರು, ಗೇಟು ಸ್ಪಷ್ಟವಾಗಿ ಕಂಡಿತು. ಆಗ ತೋಟದ ಮೇಸ್ತ್ರಿ, ಯಾರೂ ಕೇಳದೆ, ‘ಸ್ವಾಮಿ, ಆಗ ಮರಗಸಿ ಆಗಿರಲಿಲ್ಲ’ ಎಂದರು. ಘಟನೆಯ ದಿನ ನೆರಳಿನ ಮರಗಳ ಕೊಂಬೆ ಸವರಿರಲಿಲ್ಲ. ನಾವು ಹೋದಾಗ ಸವರಿದ್ದರು, ಬೆಳಕು ನೆಲದವರೆಗೆ ಬಿದ್ದಿತ್ತು.

ಅದೇ ತೋಟವನ್ನು ವಿಆರ್‌ನಲ್ಲಿ ಕಟ್ಟಿ ನ್ಯಾಯಾಧೀಶರ ಕಣ್ಣಿಗೆ ತೊಡಿಸಿದ್ದರೆ? ಯಾವ ತಿಂಗಳ ಮರಗಳನ್ನು ಹಾಕಬೇಕು ಎಂದು ತೀರ್ಮಾನಿಸುವವರು ಯಾರು? ಮಹಜರಿಗೆ ಪಂಚರು ಬೇಕು, ಅವರನ್ನು ಪಾಟಿಸವಾಲು ಮಾಡಬಹುದು. ಕಂಪ್ಯೂಟರಿನಲ್ಲಿ ಕಟ್ಟಿದ ತೋಟಕ್ಕೆ ಪಂಚರು ಯಾರು? ವಿದ್ಯುನ್ಮಾನ ದಾಖಲೆಗಳ ಜೊತೆ ಕೊಡಬೇಕಾದ, ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಕಡತ ಬದಲಾಗಿಲ್ಲ ಎಂದು ಹೇಳೀತೇ ಹೊರತು, ಅದರೊಳಗಿನ ಕೊಂಬೆ ನಿಜವೆಂದು ಹೇಳಲಾರದು. ಇನ್ನು, ಕಾಗದದ ನಕ್ಷೆ ನೋಡಿದ ನ್ಯಾಯಾಧೀಶರಿಗೆ ಅದು ನಕ್ಷೆ ಎಂಬುದು ಮರೆಯುವುದಿಲ್ಲ. ವಿಆರ್‌ನಲ್ಲಿ ನಿಂತು ಬಂದವರಿಗೆ ‘ನಾನೇ ಕಣ್ಣಾರೆ ಕಂಡೆ’ ಎಂಬ ನೆನಪು ಉಳಿಯುತ್ತದೆ. ನನ್ನ ಅಮ್ಮ ಚಪ್ಪಲಿ ಹುಡುಕಿದ್ದನ್ನು ಮರೆಯಬೇಡಿ. ಇಂಥ ದೃಶ್ಯವನ್ನು ಎದುರುಪಕ್ಷದವರು ಬದಲಿಸಿ ತೋರಿಸುವ ಅವಕಾಶ ಇಲ್ಲದೆ ಯಾವ ನ್ಯಾಯಾಲಯವೂ ಒಪ್ಪಿಕೊಳ್ಳಬಾರದು.

ಖಾಸಗಿತನದ ಬಗ್ಗೆ ಒಂದು ಮಾತು. ನಮ್ಮ ಮಲೆನಾಡಿನ ಕಡೆ ಮಂಜು ಮುಸುಕಿದ ಬೆಳಗಿನಲ್ಲಿ ದೂರದಿಂದ ಬರುತ್ತಿರುವವರ ಮುಖ ಕಾಣದಿದ್ದರೂ, ನಡಿಗೆ ನೋಡಿಯೇ ಇಂಥವರ ಮಗ ಎಂದು ಹೇಳಿಬಿಡುವ ಹಿರಿಯರಿದ್ದಾರೆ. ಹೆಡ್‌ಸೆಟ್ ಈಗ ಆ ಹಿರಿಯರ ಕಣ್ಣನ್ನು ಪಡೆದಿದೆ. 2023ರಲ್ಲಿ ಬರ್ಕ್ಲಿಯ ಸಂಶೋಧಕರು 50,000ಕ್ಕೂ ಹೆಚ್ಚು ಆಟಗಾರರ ತಲೆ ಮತ್ತು ಕೈಗಳ ಚಲನೆಯನ್ನು ಮಾತ್ರ ಇಟ್ಟುಕೊಂಡು, 100 ಸೆಕೆಂಡುಗಳ ಚಲನೆಯಿಂದ ಶೇ. 94ರಷ್ಟು ನಿಖರವಾಗಿ ಇವರು ಇಂಥವರೇ ಎಂದು ಗುರುತಿಸಿದರು. ಹೆಸರು ಮುಚ್ಚಿಟ್ಟರೂ ಕತ್ತು ತಿರುಗಿಸುವ ರೀತಿ ನಿಮ್ಮನ್ನು ಬಿಟ್ಟುಕೊಡುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಇಳಿವಯಸ್ಸಿನಲ್ಲಿ ಅವರು ಹೋರಾಡಿ ತಂದ ಹಕ್ಕು ಅದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ವರ್ತನೆಯ ಮೇಲೆ ನಿಗಾ ಇಡುವುದನ್ನು ನಿಷೇಧಿಸುತ್ತದೆ. ಆದರೆ ನಿಗಾ ಇಡದೆ ವಿಆರ್ ನಡೆಯುವುದೇ ಇಲ್ಲ. ತಲೆ ತಿರುಗಿದ್ದು ಗೊತ್ತಾಗದೆ ದೃಶ್ಯ ತಿರುಗದು. ಎಲ್ಲಿಯವರೆಗೆ ಅದು ಸಾಧನದ ಅಗತ್ಯ, ಎಲ್ಲಿಂದ ಅದು ಬೇಹುಗಾರಿಕೆ ಎಂಬ ಗೆರೆಯನ್ನು ಎಳೆದು ಕೊಡಬೇಕಾದವರು ನಾವು.

2020ರಲ್ಲಿ ದಕ್ಷಿಣ ಕೊರಿಯಾದ ಟಿವಿ ವಾಹಿನಿಯೊಂದು, ತೀರಿಹೋದ ಪುಟ್ಟ ಮಗಳನ್ನು ವಿಆರ್‌ನಲ್ಲಿ ಮರುಸೃಷ್ಟಿಸಿ ತಾಯಿಗೆ ಭೇಟಿ ಮಾಡಿಸಿತು. ಆ ತಾಯಿ ಗಾಳಿಯನ್ನು ತಬ್ಬಿ ಅತ್ತದ್ದನ್ನು ನಾನು ಪೂರ್ತಿ ನೋಡಲಾಗಲಿಲ್ಲ. ಆಕೆಗೆ ಅದು ಸಮಾಧಾನ ತಂದಿದ್ದರೆ ತಪ್ಪು ಎನ್ನಲು ನಾನು ಯಾರು? ಆದರೆ ನಾಳೆ ಯಾವುದೋ ಕಂಪನಿ ಇದನ್ನು ತಿಂಗಳ ಬಾಡಿಗೆಗೆ ಕೊಡಲು ಹೊರಟರೆ, ಬಾಡಿಗೆ ಕಟ್ಟದ ತಿಂಗಳು ಮಗು ಎರಡನೆಯ ಸಲ ಸಾಯುತ್ತದೆ. ನಮ್ಮಲ್ಲಿ ಸತ್ತವರಿಗೆ ವರ್ಷಕ್ಕೊಂದು ತಿಥಿ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಊರಿನವರಿಗೆ, ಕೆಲವು ಬಾಗಿಲುಗಳನ್ನು ಮುಚ್ಚಿಡುವುದೂ ಪ್ರೀತಿಯೇ ಎಂದು ಬಿಡಿಸಿ ಹೇಳಬೇಕಿಲ್ಲ. ಕಾನೂನು ಇಲ್ಲಿ ತೀರ ಬಡವಾಗಿದೆ. ತೀರಿಹೋದ ನಟರೊಬ್ಬರ ವಿಷಯದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಖಾಸಗಿತನದಂಥ ಹಕ್ಕುಗಳು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತವೆ, ವಾರಸುದಾರರಿಗೆ ಬರುವುದಿಲ್ಲ ಎಂದಿತು.

ಎರಡು ತಿಂಗಳ ಹಿಂದೆ ಇಂಜಿನಿಯರಿಂಗ್ ಓದಿದ ಯುವಕನೊಬ್ಬ ನನ್ನ ಕಚೇರಿಗೆ ಬಂದಿದ್ದ. ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟದ ಕಾರ್ಮಿಕರಿಗೆ ಆನೆ ಎದುರಾದಾಗ ಏನು ಮಾಡಬೇಕೆಂದು ವಿಆರ್‌ನಲ್ಲಿ ಕಲಿಸುವ ಯೋಜನೆ. ಒಳ್ಳೆಯ ಕೆಲಸ. ನನಗೂ ತೊಡಿಸಿ ತೋರಿಸಿದ. ಕಾಫಿ ಗಿಡಗಳ ನಡುವೆ ನಿಂತಿದ್ದೇನೆ. ಒಂದು ಎಲೆ ಅಲುಗಿತು, ಸದ್ದೇ ಇಲ್ಲ, ಮರುಗಳಿಗೆ ಗಿಡದ ಎತ್ತರಕ್ಕೂ ಮೇಲೆ ಹಣೆ. ನಾನು ಹಿಂದಕ್ಕೆ ಸರಿದು ಬೀರುವಿಗೆ ಬೆನ್ನು ಬಡಿದುಕೊಂಡೆ. ಕೆಲಸ ಅಷ್ಟು ಚೆನ್ನಾಗಿತ್ತು. ಆಮೇಲೆ ಅವನನ್ನು ಕೇಳಿದೆ: ‘ಅಣ್ಣನನ್ನೋ ಗಂಡನನ್ನೋ ಆನೆಗೆ ಕಳೆದುಕೊಂಡವರು ಆ ತೋಟಗಳಲ್ಲಿ ಇದ್ದಾರಲ್ಲಪ್ಪ, ಅವರಿಗೂ ಇದನ್ನೇ ತೋರಿಸುತ್ತೀಯಾ?’ ಅವನು ಬಹಳ ಹೊತ್ತು ಮಾತಾಡಲಿಲ್ಲ. ಮ್ಯಾಡರಿ ಮತ್ತು ಮೆಟ್ಸಿಂಗರ್ ಎಂಬ ತತ್ವಶಾಸ್ತ್ರಜ್ಞರು 2016ರಲ್ಲಿ ವಿಆರ್‌ಗೆ ಒಂದು ನೀತಿಸಂಹಿತೆಯನ್ನು ಬರೆದರು. ಇದರ ಪರಿಣಾಮ ಹೆಡ್‌ಸೆಟ್ ಬಿಚ್ಚಿದ ಮೇಲೂ ಉಳಿಯಬಹುದು ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಅವರ ಮುಖ್ಯ ಮಾತುಗಳಲ್ಲಿ ಒಂದು. ದಿನಗೂಲಿಯವಳ ಮುಂದೆ ಮಾಲೀಕರು ನಿಂತು ‘ಹಾಕಿಕೋ’ ಎಂದಾಗ ಅವಳು ಹಾಕಿಕೊಂಡರೆ ಅದು ಒಪ್ಪಿಗೆಯಲ್ಲ. ಯುವಕ ಈಗ ಮೊದಲು ಒಂದು ಸಾದಾ ವಿಡಿಯೊ ತೋರಿಸಿ, ಬೇಡ ಎಂದವರಿಗೆ ಅಂದಿನ ಕೂಲಿ ಕಡಿತವಾಗದಂತೆ ತೋಟದವರಿಂದ ಬರೆಸಿಕೊಳ್ಳುತ್ತಿದ್ದಾನೆ.

ಕೊನೆಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಕಿರಿಯ ವಕೀಲರಿಗೆ. ವಿಆರ್‌ನಲ್ಲಿ ತೊಂದರೆ ಅನುಭವಿಸಿದ ಹುಡುಗಿ ನಿಮ್ಮ ಬಳಿ ಬಂದರೆ ‘ಅದು ಆಟವಲ್ಲವೇ’ ಎಂದು ಕೇಳಬೇಡಿ. ಹೆಡ್‌ಸೆಟ್ಟನ್ನು ರೀಸೆಟ್ ಮಾಡಬಾರದು, ಖಾತೆಯನ್ನು ಅಳಿಸಬಾರದು ಎಂದು ಮೊದಲು ಹೇಳಿ. ಯಾವ ದಿನ, ಎಷ್ಟು ಗಂಟೆ, ಯಾವ ಕೋಣೆ, ಎದುರಿನವನ ಖಾತೆಯ ಹೆಸರು ಏನು, ಅಂಗಿ ತೊಟ್ಟಿದ್ದಳೇ, ಎಲ್ಲಿ ನಡುಗಿತು, ಎಷ್ಟು ಸಲ ಬೇಡ ಎಂದಳು, ಎಲ್ಲವನ್ನೂ ಅವಳ ಮಾತಿನಲ್ಲೇ ಬರೆದುಕೊಳ್ಳಿ. ಅವನು ಬೇರೆ ರಾಜ್ಯದವನು, ಸರ್ವರ್ ಬೇರೆ ದೇಶದಲ್ಲಿದೆ ಎಂದು ಠಾಣೆಯಲ್ಲಿ ವಾಪಸ್ ಕಳಿಸಲು ನೋಡಬಹುದು. ಪೊಲೀಸರ ಮತ್ತು ನ್ಯಾಯಾಲಯದ ಕಾರ್ಯವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಲೇಬೇಕು. ಭಾರತದಲ್ಲಿರುವ ಕಂಪ್ಯೂಟರ್ ಒಳಗೊಂಡಿದ್ದರೆ ಐಟಿ ಕಾಯ್ದೆಯ ಕಲಂ 75 ಹೊರದೇಶದವನಿಗೂ ತಗುಲುತ್ತದೆ. ನಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ನೀವೇ ಅವಳ ಜೊತೆ ಹೋಗಿ. ಎಫ್‌ಐಆರ್‌ನಲ್ಲಿ ಘಟನಾ ಸ್ಥಳ ಎಂಬ ಅಂಕಣ ಬಂದಾಗ ಬರೆಯುವವರು ನಿಮ್ಮ ಮುಖ ನೋಡುತ್ತಾರೆ. ಅವಳು ಆ ಹೊತ್ತಿನಲ್ಲಿ ನಿಂತಿದ್ದ ಕೋಣೆಯ ವಿಳಾಸವನ್ನು, ಮನೆಯ ನಂಬರು, ಬೀದಿಯ ಹೆಸರಿನ ಸಮೇತ, ಬರೆಸಿ.